ನೂರಕ್ಕೆ ಐದಾರು

೧೪ ಜೂನ್ ೧೯೭೭, ಮಂಗಳವಾರ

ಮಾರ್ತಾಂಡ ಫ್ಯಾಕ್ಟರಿಯಿಂದ ಈ ಡೈರಿ ತಂದ. ಅವನ ಸಾಹೇಬ ಬದಲಿಯಾಗಿ ಹೋಗುವಾಗ ಒಂದು ಪುಟವನ್ನೂ ಮುಟ್ಟದೆ ಬಿಟ್ಟು ಹೋದದ್ದಂತೆ. "ಅವ್ವಾ, ಇನ್ನ ಮ್ಯಾಲೆ ಓಣ್ಯಾಗ ನಿಂತು ಬೈಯಬ್ಯಾಡ. ಯಾರಿಗೆ ಬೈಯೂದದನೋ ಇದರಾಗ ಬೈ. ನಿನ್ನ ಬಿ.ಪಿ. ಇಳೀತದ, ಖಡಕಿ ಜನಕ್ಕೂ ಆರಾಮ ಆಗ್ತದ" ಎಂದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೆ ಬೈಯಲು ಅಷ್ಟು ಕಲಿತರೆ ಸಾಕು.

ಇವತ್ತು ಬೈಯಬೇಕಾದದ್ದು ಅಳಿಯ ಅವಧೂತರಾಯರಿಗೆ. ಮೊಮ್ಮಗಳು ಭಾಮಾ ಬಿ.ಎ. ಪಾಸಾದಳು. ಇಪ್ಪತ್ತು ತುಂಬಿತು. ಓದು ಮುಗಿಯಲಿ ಎಂದವರು ಅವರೇ, ಈಗ ಮುಗಿಯಿತು. ಇನ್ನು ಯಾತಕ್ಕೆ ತಡ ಎಂದರೆ "ನೋಡೋಣ್ರಿ ಅತ್ತಿಯವರ" ಅನ್ನುತ್ತಾರೆ. ನೋಡುವುದೇನಿದೆ? ಅವಳು ಮಾರ್ತಾಂಡನವಳು. ತೊಟ್ಟಿಲಿಗೆ ಹಾಕಿದ ದಿನ ನನ್ನ ಮಗಳು ಪಂಕಜಾ ತಾನೇ ಕೂಸನ್ನು ತಂದು ತಮ್ಮನ ತೊಡೆಯ ಮೇಲೆ ಇಟ್ಟಳು. "ತಗೋಪಾ, ನಿನ್ನ ಹೇಣ್ತಿ. ಅಳಿಸಬ್ಯಾಡ" ಎಂದಳು. ಬಂಧು ಬಳಗವೆಲ್ಲ ಇತ್ತು.

ಈ ಪುಣೆಯ ಮರಾಠಿ ಮಂದಿ ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಡುತ್ತಾರೆ. ಅವರಲ್ಲಿ ಸೋದರಮಾವ ಎಂದರೆ ತಂದೆಯ ಸಮಾನ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಅವರ ಪದ್ಧತಿ ಅವರಿಗೆ, ನಮ್ಮದು ನಮಗೆ. ನಾನೇನು ಅವರ ಅಡಿಗೆಮನೆಗೆ ಹೋಗಿ ಸಾರಿಗೆ ಬೆಲ್ಲ ಯಾಕೆ ಹಾಕುತ್ತೀರಿ ಎಂದು ಕೇಳುತ್ತೇನೆಯೇ?

ದಸರೆ ಕಳೆದ ಮೇಲೆ ಮದುವೆ ಮಾಡಿಯೇ ಬಿಡುತ್ತೇನೆ.

೨೭ ಜೂನ್, ಸೋಮವಾರ

ಊಟಕ್ಕೆ ಕೂತಾಗ ಮಾರ್ತಾಂಡನ ಬಲಗೈ ನೋಡಿದೆ. ತೋರುಬೆರಳಿನ ಗೆಣ್ಣಿನ ಮೇಲೆ ಬೆಳ್ಳಗೆ. ಸುಣ್ಣ ಹತ್ತಿದೆ ಎಂದುಕೊಂಡು ತೊಳೆದುಕೊಂಡು ಬಾ ಎಂದೆ. ತೊಳೆದು ಬಂದ. ಹಾಗೇ ಇತ್ತು. ತುಟಿಯ ಮೂಲೆಯಲ್ಲೂ ಒಂದು ಅಕ್ಕಿಕಾಳಿನಷ್ಟು.

"ಮಷೀನಿನ ಎಣ್ಣಿ ಹತ್ತಿರಬೇಕು. ಕೈ ಸ್ವಚ್ಛ ತೊಳ್ಕೋ ಅಂತ ಎಷ್ಟು ಸಲ ಹೇಳೀನಿ."

"ತುಟಿಗೆ ಎಣ್ಣಿ ಎಲ್ಲಿಂದ ಹತ್ತತದವ್ವಾ?" ಎಂದ. ಮೊದಲೇ ನೋಡಿಕೊಂಡಿದ್ದಾನೆ. ನನಗೆ ಹೇಳಿಲ್ಲ.

ಪಕ್ಕದ ಮನೆಯ ಸಕ್ಕುಬಾಯಿ ಉಪ್ಪು ಕೇಳಲು ಬಂದಿದ್ದಳು. ಗಾರೆ ಕೆಲಸದವನ ಹೆಂಡತಿ, ಕಲಬುರ್ಗಿ ಕಡೆಯವಳು, ಕಣ್ಣು ಮಾತ್ರ ಪೊಲೀಸರದು. "ಗೌರಾಬಾಯಾರ, ಅದು ಬಿಳುಪು ಅಲ್ಲೇನ್ರಿ? ಇಲ್ಲಿಯವ್ರು ಕೋಡ ಅಂತಾರಲ್ಲ, ಅದು" ಎಂದಳು. ಉಪ್ಪು ಕೊಡದೆ ಕಳಿಸಿದೆ.

೯ ಜುಲೈ, ಶನಿವಾರ

ಕ್ಯಾಂಪಿನಲ್ಲಿ ಚರ್ಮದ ಡಾಕ್ಟರರ ಹತ್ತಿರ ಹೋಗಿದ್ದೆವು. ಮರಾಠಿಯವರು, ವಯಸ್ಸಾದವರು, ಮಾತು ನಿಧಾನ. ಬೆರಳಿನ ಮೇಲೆ ಒಂದು ನೀಲಿ ದೀಪ ಹಿಡಿದು ನೋಡಿದರು. ಬಿಳುಪೇ ಎಂದರು. ಅಂಟುವ ರೋಗವಲ್ಲ, ಕುಷ್ಠವಲ್ಲ, ಪಾಪಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಹೇಳುವ ಹಾಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳತೊಡಗಿದರು. ಮನೆತನದಲ್ಲಿ ಯಾರಿಗಾದರೂ ಇದೆಯೇ? ನಿಮ್ಮ ಕೂದಲು ಯಾವ ವಯಸ್ಸಿಗೆ ಬೆಳ್ಳಗಾಯಿತು? ಯಾರಿಗಾದರೂ ಗಂಟಲು ಬಾತಿತ್ತೇ?

ನನಗೆ ರೇಗಿತು. ಮಗನ ಬೆರಳು ತೋರಿಸಲು ಬಂದರೆ ನನ್ನ ಕೂದಲು ಇವರಿಗೇಕೆ? "ಯಾರಿಗೂ ಏನೂ ಇಲ್ಲ" ಎಂದೆ.

ಅಂಬಾರಾಯನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ. ಮುಖ ಕೈ ಎಲ್ಲ ಬೆಳ್ಳಗಾಗಿ ಸವದತ್ತಿಯಲ್ಲಿ ಸತ್ತ. ಸತ್ತವನನ್ನು ಈಗ ಕ್ಯಾಂಪಿಗೆ ಯಾಕೆ ಎಳೆದು ತರಬೇಕು?

ಮದುವೆಯಾಗಿದೆಯೇ ಎಂದು ಕೇಳಿದರು. ಆಗಬೇಕು, ಅಕ್ಕನ ಮಗಳ ಜೊತೆ ಎಂದ ಮಾರ್ತಾಂಡ. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಸಖ್ಖೀ ಭಾಚೀ?" ಎಂದರು. ಸ್ವಂತ ಅಕ್ಕನ ಮಗಳೇ ಎಂದು. ಹೌದು ಎಂದೆ, ನಿಮಗೇನಾದರೂ ತೊಂದರೆಯೇ ಎಂದೂ ಕೇಳಿದೆ. ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಇದು ರಕ್ತದಲ್ಲಿ ಸ್ವಲ್ಪ ಇಳಿದು ಬರುವಂಥದ್ದು, ಒಂದೇ ರಕ್ತದ ಇಬ್ಬರು ಕೂಡುವ ಮುಂಚೆ ಯೋಚಿಸಿ ಎಂದರು.

ಗುಳಿಗೆ ಬರೆದುಕೊಟ್ಟಿದ್ದಾರೆ. ನುಂಗಿ ಎರಡು ತಾಸು ಬಿಟ್ಟು ಬಿಸಿಲಿಗೆ ಕೈ ಒಡ್ಡಿ ಕೂಡಬೇಕಂತೆ. ಮಳೆಗಾಲದ ಪುಣೆಯಲ್ಲಿ ಬಿಸಿಲು ಇವರಪ್ಪ ತಂದುಕೊಡುತ್ತಾನೆಯೇ?

೧೦ ಜುಲೈ, ಭಾನುವಾರ

ಅಂಟುವುದಿಲ್ಲ ಎಂದಿದ್ದಾರೆ. ಇರಲಿ. ಮಾರ್ತಾಂಡನ ಟಾವೆಲನ್ನು ಬೇರೆ ಮೊಳೆಗೆ ಹಾಕಿದೆ. ಅವನ ಲೋಟದ ತಳಕ್ಕೆ ಗುರುತಿಗೆಂದು ಗೀರು ಹಾಕಿದೆ. ಅವನು ನೋಡಿದ.

೨ ಅಕ್ಟೋಬರ್, ಭಾನುವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಮಳೆ ಇತ್ತು. ಈಗ ಬಿಸಿಲು ಬಿದ್ದಿದೆ.

ಮಾರ್ತಾಂಡ ಮಾಳಿಗೆಯ ಮೇಲೆ ಕೈ ಚಾಚಿ ಕೂಡುತ್ತಾನೆ. ಗೆಣ್ಣಿನ ಮೇಲಿನದು ಸ್ವಲ್ಪ ಕೆಂಪಾಗಿದೆ, ನಡುವೆ ಎಳ್ಳಿನಷ್ಟು ಕಪ್ಪು ಚುಕ್ಕೆ ಮೂಡಿದೆ. ಒಳ್ಳೆಯ ಲಕ್ಷಣವಂತೆ. ಆದರೆ ಎಡಗೈಯಲ್ಲಿ ಹೊಸದು ಬಂದಿದೆ. ಲೇಥ್ ಮಷೀನಿನ ಚೂರು ಹಾರಿ ಗಾಯವಾದ ಜಾಗದಲ್ಲೇ ಬಂದಿದೆ. ಮೊಸರು, ನಿಂಬೆ, ಮೀನು ಎಲ್ಲ ಬಿಡಿಸಿದ್ದೇನೆ. "ಮೀನು ಯಾವತ್ತ ತಿಂದೀನವ್ವಾ ಬಿಡ್ಲಿಕ್ಕೆ?" ಎಂದ. ತಿನ್ನದಿದ್ದರೂ ಬಿಡು ಎಂದೆ.

ಭಾಮಾ ಬಂದಿದ್ದಳು. ಸೀದಾ ಮಾಳಿಗೆ ಹತ್ತಿದಳು. ನಾನು ಮೆಟ್ಟಿಲ ಮೇಲೆ ಕೂತು ಅವರೆ ಸುಲಿಯುತ್ತಿದ್ದೆ, ಮಾತೆಲ್ಲ ಕೇಳಿಸಿತು.

"ಮಾಮಾ, ಹಪ್ಪಳದ ಜೋಡಿ ನೀನೂ ಒಣಗ್ಲಿಕತ್ತಿ ಏನು? ಅಜ್ಜಿ ಸಂಜೀಕ ಡಬ್ಬಿಗೆ ತುಂಬಿ ಇಡ್ತಾಳ ನೋಡು."

"ನೀ ನೆಳ್ಳಿಗೆ ಹೋಗು. ಕಪ್ಪಾಗ್ತಿ."

"ಆಗ್ಲಿ ಬಿಡು. ನಿಂದು ಬೆಳ್ಳಗ, ನಂದು ಕಪ್ಪ, ಇಬ್ಬರದೂ ಕೂಡಿಸಿ ಭಾಗಿಸಿದ್ರ ಸರೀ ಬರ್ತದ."

ಅವನು ನಕ್ಕ. ಜೂನ್ ಆದಮೇಲೆ ಅವನ ನಗು ಕೇಳಿರಲಿಲ್ಲ. ಹುಡುಗಿಗೆ ಬಾಯಿ ಜಾಸ್ತಿ. ಯಾರ ಹಾಗೋ ಏನೋ.

೨೩ ಅಕ್ಟೋಬರ್, ಭಾನುವಾರ

ಪಂಕಜಾ, ಅವಧೂತರಾಯರು ಬಂದರು. ದಸರೆಯ ಬನ್ನಿ ಕೊಡಲು ಬಂದಿದ್ದಾರೆ ಎಂದು ನಾನು ಹೋಳಿಗೆ ಮಾಡಿದೆ. ಹೋಳಿಗೆ ತಿಂದು ಕೈ ತೊಳೆದ ಮೇಲೆ ಪಂಕಜಾ ಹೇಳಿದಳು.

"ಅವ್ವಾ, ಭಾಮಾನ್ನ ಮಾರ್ತಾಂಡಗ ಕೊಡೂದಿಲ್ಲ."

ಮಾರ್ತಾಂಡ ಆಗ ಮನೆಯಲ್ಲಿರಲಿಲ್ಲ, ಅದೊಂದು ಒಳ್ಳೆಯದಾಯಿತು. ನಾನು ಸುಮ್ಮನಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿ ನನ್ನ ಮಗನಿಗೇ ಹೆಣ್ಣಿಲ್ಲ ಎನ್ನುತ್ತೀಯಾ, ಎರಡು ಬೆರಳು ಬೆಳ್ಳಗಾದರೆ ತಮ್ಮ ಬೇರೆಯವನಾದನೇ, ಹೊರಗಿನವರು ಅವನನ್ನು ಮುಟ್ಟದಿರಲಿ, ಒಡಹುಟ್ಟಿದ ನೀನು? ಇನ್ನೂ ಏನೇನೋ ಅಂದೆ.

ಅವಳು ದನಿ ಎತ್ತಲಿಲ್ಲ. "ಅಂಬಾರಾಯ ಮಾಮಾನ್ನ ಮರ್ತ್ಯಾ ಅವ್ವಾ? ಸವದತ್ಯಾಗ ಅವನಿಗೆ ಕಟ್ಟಿ ಮ್ಯಾಲೆ ಊಟಕ್ಕ ಹಾಕತಿದ್ರು. ರೊಟ್ಟಿ ಕೈಯಾಗ ಕೊಡಬ್ಯಾಡ, ಮ್ಯಾಲಿಂದ ಬಿಡು ಅಂತ ನನಗ ಹೇಳಿಕೊಟ್ಟಾಕಿ ನೀನ. ಒಂದೊಂದು ಸಲ ರೊಟ್ಟಿ ಕೆಳಗ ಬೀಳ್ತಿತ್ತು. ಅವ ಝಾಡಿಸಿಕೊಂಡು ತಿಂತಿದ್ದ. ನನ್ನ ಮಗಳ ಹೊಟ್ಟ್ಯಾಗ ಅಂಥಾ ಕೂಸು ಬಂದ್ರ?"

"ಅದು ಅವನ ಹಣೇಬರಹ. ಮಾರ್ತಾಂಡಗೂ ಅದಕ್ಕೂ ಏನು ಸಂಬಂಧ?"

"ನೀ ಡಾಕ್ಟರಿಗೆ ಅವನ ಸುದ್ದಿ ಹೇಳಿಲ್ಲಂತ."

ಬಾಗಿಲು ತೋರಿಸಿದೆ. ಅಳಿಯಂದಿರು ಚಪ್ಪಲಿ ಮೆಟ್ಟುವಾಗಲೂ "ಸಿಟ್ಟಾಗಬ್ಯಾಡ್ರಿ ಅತ್ತಿಯವರ" ಎನ್ನುತ್ತಿದ್ದರು. ಉಳಿದ ಹೋಳಿಗೆ ನಾಯಿಗೆ ಹಾಕಿದೆ.

೨೬ ಅಕ್ಟೋಬರ್

ಯಾರೂ ಬರಲಿಲ್ಲ.

೧೦ ನವೆಂಬರ್, ಗುರುವಾರ

ದೀಪಾವಳಿ. ಈ ಹಬ್ಬಕ್ಕೆ ಮಗಳು ತವರಿಗೆ ಬಂದು ತಾಯಿಯ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು ನೀರು ಹಾಕಿಸಿಕೊಳ್ಳುವುದು ರೂಢಿ. ಪಂಕಜಾ ಬರಲಿಲ್ಲ. ಜಗಳದಿಂದಾಗಿಯೇ ಬಂದಿಲ್ಲ ಎನ್ನುವಂತಿಲ್ಲ. ಅವಳು ಎಷ್ಟೋ ವರ್ಷಗಳಿಂದ ಎಣ್ಣೆ ನೀರಿಗೆ ಬರುತ್ತಿಲ್ಲ, ಮಧ್ಯಾಹ್ನ ಊಟಕ್ಕೆ ಬರುತ್ತಾಳೆ. ದೊಡ್ಡ ಮನೆಯವಳಾದಳು, ನನ್ನ ಬಚ್ಚಲು ಇಕ್ಕಟ್ಟು ಎಂದು ನಾನು ಬೈದುಕೊಳ್ಳುತ್ತಿದ್ದೆ. ಈ ಸಲ ಊಟಕ್ಕೂ ಇಲ್ಲ.

ಮಾರ್ತಾಂಡನಿಗೆ ಎಣ್ಣೆ ಹಚ್ಚಿದೆ. ಬೆನ್ನ ಮೇಲೂ ಬಂದಿದೆ. ಅಂಗಿಯೊಳಗಿನದು ಇಷ್ಟು ದಿನ ನನಗೆ ಗೊತ್ತಿರಲಿಲ್ಲ. ಉರಿಯುತ್ತದೆಯೇ ಎಂದೆ. ಇಲ್ಲವಂತೆ. ಏನೂ ಅನ್ನಿಸುವುದಿಲ್ಲವಂತೆ. ನೋವಾದರೂ ಇದ್ದರೆ ಔಷಧಿ ಹಚ್ಚಿ ಊದಬಹುದಿತ್ತು.

ಬೆನ್ನು ಬಹಳ ಹೊತ್ತು ತಿಕ್ಕಿದೆನೆಂದು ಕಾಣುತ್ತದೆ. "ಅವ್ವಾ, ಸಾಕು, ನೀರು ಆರ್ತಾವ" ಎಂದ.

೧೯ ನವೆಂಬರ್, ಶನಿವಾರ

ಮಾರ್ತಾಂಡ ಡ್ಯೂಟಿಗೆ ಹೋದ ಮೇಲೆ ಬಸ್ಸು ಹತ್ತಿ ಒಬ್ಬಳೇ ಕ್ಯಾಂಪಿಗೆ ಹೋದೆ. ಡಾಕ್ಟರರ ಮುಂದೆ ಕೂತು ಎಲ್ಲ ಹೇಳಿದೆ. ತಮ್ಮ ಅಂಬಾರಾಯ ಹೀಗಿದ್ದ. ನಮ್ಮವ್ವನಿಗೆ ಗಂಟಲಲ್ಲಿ ಬದನೆಕಾಯಿಯಷ್ಟು ಗಡ್ಡೆ ಇತ್ತು. ನನ್ನ ಕೂದಲು ಪಂಕಜಾ ಹುಟ್ಟುವ ಮುಂಚೆಯೇ ಬೆಳ್ಳಗಾದವು. ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ, ಬರೆದುಕೊಳ್ಳಿ ಎಂದೆ.

ಅವರು ಬರೆದುಕೊಂಡರು, ಬೈಯಲಿಲ್ಲ. ಬಿಡಿಸಿ ಹೇಳಿದರು. ಇದಕ್ಕೆ ಕಾರಣ ಒಂದೇ ಅಲ್ಲ, ಚೂರು ಚೂರು. ಕೆಲವು ತಾಯಿಯ ಕಡೆಯಿಂದ ಬರುತ್ತವೆ, ಕೆಲವು ತಂದೆಯ ಕಡೆಯಿಂದ. ಕೂದಲು ಬೇಗ ಬೆಳ್ಳಗಾಗುವುದು, ಗಂಟಲು ಬಾಯುವುದು, ಇವೂ ಅದೇ ಬಳಗದವು. ಚೂರುಗಳು ಒಬ್ಬರ ಮೈಯಲ್ಲಿ ಸಾಕಷ್ಟು ಕೂಡಿದರೆ ಬಿಳುಪು ಕಾಣಿಸಿಕೊಳ್ಳಬಹುದು, ಕೂಡಿದರೂ ಕಾಣದೆ ಹೋಗಬಹುದು. ನಿಮ್ಮ ಮೈಯಲ್ಲೂ ಇರಬಹುದು, ಹೊರಗೆ ಬಂದಿಲ್ಲ ಅಷ್ಟೇ ಎಂದರು.

"ಅಂದರೆ ನನ್ನಿಂದ ಬಂತು."

"ನಿಮ್ಮಿಂದಲೂ ಬಂದಿರಬಹುದು. ನೀವು ಕೊಟ್ಟದ್ದಲ್ಲ, ನಿಮಗೂ ಯಾರೋ ಕೊಟ್ಟದ್ದು."

ಅವನಿಗೆ ಮಕ್ಕಳಾದರೆ ಎಷ್ಟು ಮಂದಿಗೆ ಬರುತ್ತದೆ ಎಂದು ಕೇಳಿದೆ. ಖಚಿತವಾಗಿ ಯಾರೂ ಹೇಳಲಾರರು, ತಾವು ಕಂಡಂತೆ ನೂರಕ್ಕೆ ಐದಾರು ಎಂದರು. ನನಗೆ ಎದ್ದು ಅವರ ಕಾಲಿಗೆ ಬೀಳಬೇಕೆನ್ನಿಸಿತು. ನೂರರಲ್ಲಿ ತೊಂಬತ್ತನಾಲ್ಕು ಚೊಕ್ಕ. ಮಂಡಿಯಿಂದ ತಂದ ಟೊಮೆಟೊ ಇದಕ್ಕಿಂತ ಹೆಚ್ಚು ಕೊಳೆತಿರುತ್ತವೆ.

ಹೆಂಡತಿ ಅದೇ ಮನೆತನದವಳಾದರೆ ಹೆಚ್ಚಾಗುತ್ತದೆ, ಎಷ್ಟೆಂದು ತಮಗೂ ಗೊತ್ತಿಲ್ಲ ಎಂದೂ ಹೇಳಿದರು. ಹೆಚ್ಚೆಂದರೆ ಎಷ್ಟಾದೀತು? ಹತ್ತು. ಹದಿನೈದು ಅನ್ನಲಿ. ನಾಳೆ ಪಂಕಜಾಳ ಮನೆಗೆ ಹೋಗುತ್ತೇನೆ. ಬೇಕರಿಯಿಂದ ಭಾಮಾಳಿಗೆ ಬಿಸ್ಕೀಟು ತಂದಿದ್ದೇನೆ.

೨೦ ನವೆಂಬರ್, ಭಾನುವಾರ

ಹೋಗಿದ್ದೆ. ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ.

ನೂರಕ್ಕೆ ಐದಾರು ಎಂದು ಹೊಸಿಲು ದಾಟುವಾಗಲೇ ಹೇಳಿದೆ. ಭಾಮಾ ಬಿಸ್ಕೀಟಿನ ಪೊಟ್ಟಣ ಬಿಚ್ಚುತ್ತಿದ್ದವಳು ತಲೆ ಎತ್ತದೆ ಅಂದಳು, "ನನಗ ನಡೀತದ. ಮದಲಿಂದ ನಡೀತಿತ್ತು. ನನ್ನ ಯಾರೂ ಕೇಳೇ ಇಲ್ಲ." ಅವಧೂತರಾಯರು ಪೇಪರು ಮಡಿಚಿ ಹೊರಗೆ ಹೋದರು.

ನಾನು ಗೆದ್ದೆನೆಂದುಕೊಂಡೆ. ಪಂಕಜಾ ನನ್ನ ರಟ್ಟೆ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಅಗಳಿ ಹಾಕಿದಳು. ಸೀರೆಯ ನೆರಿಗೆ ಬಿಚ್ಚಿದಳು. ಹುಚ್ಚು ಹಿಡಿಯಿತೇ ಇವಳಿಗೆ ಎಂದು ನೋಡುತ್ತಿದ್ದೆ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಸೊಂಟದ ಸುತ್ತ ಪಟ್ಟಿಯ ಹಾಗೆ ಬೆಳ್ಳಗಿತ್ತು. ತೊಡೆಗೂ ಇಳಿದಿತ್ತು.

"ಭಾಮಾ ಎಂಟು ವರ್ಷದಾಕಿ ಇದ್ದಾಗ ಸುರು ಆತು. ಇವರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ."

"ಅದಕ್ಕ ಎಣ್ಣಿ ನೀರಿಗೆ ಬರತಿದ್ದಿಲ್ಲೇನು ನೀ?"

"ಹೂಂ."

ನಾನೇ ನೆರಿಗೆ ಹಿಡಿದು ಸೀರೆ ಉಡಿಸಿದೆ. ನೆರಿಗೆ ಸರಿ ಬರಲಿಲ್ಲ. ಅವಳು ನೆಲಕ್ಕೆ ಕೂತು ಹೇಳಿದಳು, "ಮಾರ್ತಾಂಡ ಕೆಟ್ಟಾಂವ ಅಂತ ಅಲ್ಲವ್ವಾ. ಅವನಂಥಾ ಹುಡುಗ ನನಗ ಎಲ್ಲಿ ಸಿಗಬೇಕು? ಅವನ ಕಡಿಂದ ಒಂದು, ನನ್ನ ಕಡಿಂದ ಒಂದು, ಹುಟ್ಟೂ ಕೂಸಿಗೆ ಎರಡೂ ಕೂಡಿ ಬರ್ತಾವ. ನಿನ್ನ ಡಾಕ್ಟರ ಐದಾರು ಅಂದದ್ದು ನನ್ನ ಸೊಂಟ ನೋಡಿ ಅಲ್ಲ."

ನನ್ನ ಬಾಯಿಗೆ ಬಂದದ್ದು ಒಂದೇ. ಇಷ್ಟು ಹೆದರಿದಾಗ ತಾಯಿಗೆ ಬಂದು ಹೇಳಬೇಕಿತ್ತು ಎಂದೆ. ಅವಳು ನನ್ನ ಮುಖ ನೋಡಿ, "ನಿನಗ?" ಎಂದಳು. ಅಷ್ಟೇ.

೨೨ ನವೆಂಬರ್, ಮಂಗಳವಾರ

ಮಾರ್ತಾಂಡನಿಗೆ ಹೇಳಬಾರದಿತ್ತು. ಹೇಳಿದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅವನು ಊಟದ ನಡುವೆ ಕೇಳಿಸಿಕೊಂಡ. "ಅಕ್ಕಗೂ?" ಎಂದ. ಆಮೇಲೆ ಅನ್ನಕ್ಕೆ ನೀರು ಬಿಟ್ಟು ಎದ್ದ.

೪ ಡಿಸೆಂಬರ್, ಭಾನುವಾರ

ಭಾಮಾ ಒಬ್ಬಳೇ ಬಂದಿದ್ದಳು. ಮಾರ್ತಾಂಡ ಪಡಸಾಲೆಯಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ನಾನು ಚಹಾ ಸೋಸುತ್ತಿದ್ದೆ.

"ಮಾಮಾ, ನನಗ ನಡೀತದ ಅಂದೀನಿ. ಅಪ್ಪಾಗೂ ಹೇಳೀನಿ. ಅವ್ವನ್ನ ನಾ ಒಪ್ಪಿಸ್ತೀನಿ."

"ನನಗ ನಡೆಯೂದಿಲ್ಲ."

"ಯಾಕ?"

"ನಿನಗ ಇದೇ ಸೈಕಲ್ ಮ್ಯಾಲೆ ಸೈಕಲ್ ಕಲಿಸಿದಾಂವ ನಾ. ಹೇಣ್ತಿ ಅಂತ ನೋಡ್ಲಿಕ್ಕೆ ಆಗವಲ್ತು."

"ಈ ಜ್ಯೇಷ್ಠದ ತನಕ ಆಗ್ತಿತ್ತು, ಈಗ ಆಗವಲ್ತು?"

"ಆಗವಲ್ತು."

"ನನ್ನ ಮಾರಿ ನೋಡಿ ಹೇಳು."

ಅವನು ಚೈನನ್ನೇ ತಿರುಗಿಸುತ್ತಿದ್ದ. "ಎಷ್ಟು ಸಲ ಹೇಳಬೇಕು? ಮನಸಿಲ್ಲ ಅಂದ್ರ ಇಲ್ಲ. ನಿಮ್ಮವ್ವ ಹುಡುಕಿದಲ್ಲಿ ಮಾಡ್ಕೋ, ಹೋಗು" ಎಂದ. ಸುಳ್ಳು. ಅವನ ಕಿವಿ ಕೆಂಪಾಗಿತ್ತು. ಅವಳು ಚಹಾ ಕುಡಿಯದೆ ಹೋದಳು.

ನಾನು ಹೊರಗೆ ಬಂದು ಅವನಿಗೆ ಚೆನ್ನಾಗಿ ಉಗಿಯಬೇಕೆಂದಿದ್ದೆ. ಚಹಾ ಕೊಟ್ಟು ಒಳಗೆ ಬಂದೆ.

೧೯ ಫೆಬ್ರವರಿ ೧೯೭೮, ಭಾನುವಾರ

ಮಾರ್ತಾಂಡ ಹೊಸ ಡೈರಿ ತರುತ್ತೇನೆ ಎಂದ. ಬೇಡ ಎಂದೆ. ಇದರ ಮೊದಲಿನ ಪುಟಗಳೆಲ್ಲ ಖಾಲಿ ಬಿದ್ದಿವೆ.

ಭಾಮಾಳಿಗೆ ಗಂಡು ಗೊತ್ತಾಗುವ ಹಾಗಿದೆ. ಸದಾನಂದ ಎಂದು ಹೆಸರು, ಬ್ಯಾಂಕಿನಲ್ಲಿದ್ದಾನೆ. ಬೆಳಗಾವಿಯವರು, ಪುಣೆಗೆ ಬಂದು ಬಹಳ ವರ್ಷವಾಗಿದೆ. ಅವನ ತಾಯಿ ಹುಡುಗಿಯ ಅಜ್ಜಿಯ ಮನೆಯನ್ನೂ ನೋಡಬೇಕೆಂದು ಇವತ್ತು ಇಲ್ಲಿಗೇ ಬಂದರು. ಪಂಕಜಾ ಮುಂಜಾನೆಯೇ ಬಂದು ಉಪ್ಪಿಟ್ಟು ಮಾಡಿದಳು. ಮಾರ್ತಾಂಡ ಯಾರೂ ಹೇಳದಿದ್ದರೂ ಸಕ್ಕುಬಾಯಿಯ ಮನೆಯಲ್ಲಿ ಹೋಗಿ ಕೂತ. ಈಗ ಎರಡೂ ಕೈ, ತುಟಿ, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗಾಗಿದೆ. ಗುಳಿಗೆ ಬಿಟ್ಟಿದ್ದಾನೆ.

ಆ ಹೆಂಗಸು ನನ್ನಂಥವಳೇ, ನೇರ ಮಾತು. "ಬ್ಯಾಸರ ಮಾಡ್ಕೋಬ್ಯಾಡ್ರಿ, ಕೇಳೂದು ಛಲೋ. ಮನೆತನದಾಗ ಏನಾರ ಅದ ಏನ್ರಿ? ಸಕ್ಕರಿ ಖಾಯಿಲೆ, ದಮ್ಮು, ಬಿಳುಪು?"

"ಏನೂ ಇಲ್ರಿ."

"ಮಗಾ ಇದ್ದಾನ ಅಂದ್ರಲ್ಲ? ಕಾಣವಲ್ಲ."

"ಡ್ಯೂಟಿ ಮ್ಯಾಲೆ ಹೊರಗೂರಿಗೆ ಹೋಗ್ಯಾನ್ರಿ."

ಗೋಡೆಯ ಆಚೆ ಸಕ್ಕುಬಾಯಿ ಕೆಮ್ಮಿದಳು. ಆಮೇಲೆ ಅವಳ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಬೇಕೆಂದೇ ಬೀಳಿಸಿದಳೋ ಏನೋ. ಮಾರ್ತಾಂಡನಿಗೆ ನೆಗಡಿ ಇತ್ತು, ಅವನ ಸೀನು ಈಚೆ ಕೇಳಬಾರದೆಂದಿರಬೇಕು.

ಅವರು ಹೋದ ಮೇಲೆ ಅವನು ಬಂದ. "ಉಪ್ಪಿಟ್ಟು ಉಳದದೇನು?" ಎಂದು ಕೇಳಿದ. ಉಳಿದಿತ್ತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಕೈಗೆ ಸಿಕ್ಕ ಟಾವೆಲಿನಿಂದ ಒರೆಸಿಕೊಂಡರೆ ಮಷೀನಿನ ಎಣ್ಣೆಯ ವಾಸನೆ. ಅವನದು. ಈಗ ಎಲ್ಲ ಒಂದೇ ಮೊಳೆಗೆ ತೂಗುತ್ತವೆ.

೧೬ ಏಪ್ರಿಲ್, ಭಾನುವಾರ

ಮದುವೆ ಬರುವ ತಿಂಗಳು. ಪಂಕಜಾ ಬಂದಳು. ಹುಡುಗಿಯ ಕೈ ಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ಇದೊಂದು ಮಾತ್ರ ಮರಾಠಿಯವರಲ್ಲೂ ನಮ್ಮಲ್ಲೂ ಒಂದೇ. ಆ ಹೊತ್ತಿಗೆ ಎಲ್ಲರ ಕಣ್ಣೂ ಆ ಕೈಗಳ ಮೇಲೆಯೇ ಇರುತ್ತದೆ.

"ಹುಬ್ಬಳ್ಳಿಯಿಂದ ಕಾಕಾನ ಮಗನ್ನ ಕರಿಸಬೇಕಂತ ಮಾಡೀವವ್ವಾ. ಅವನೂ ಭಾಮಾಗ ಮಾಮಾನ ಆಗ್ತಾನ."

ನಾನು ಬಾಯಿ ತೆರೆದೆ. ಒಳಗಿದ್ದ ಮಾರ್ತಾಂಡ ನನಗಿಂತ ಮುಂಚೆ ಅಂದ, "ಛಲೋ ಆತು ಅಕ್ಕಾ. ನನಗ ಅವತ್ತು ಫಸ್ಟ್ ಶಿಫ್ಟ್ ಅದ."

ಮೇ ತಿಂಗಳ ಶಿಫ್ಟನ್ನು ಫ್ಯಾಕ್ಟರಿಯಲ್ಲಿ ಇನ್ನೂ ಹಾಕಿಯೇ ಇಲ್ಲ. ಅದು ನನಗೂ ಗೊತ್ತು, ಪಂಕಜಾಳಿಗೂ ಗೊತ್ತು. ಅವಳು ಎದ್ದು ಒಳಗೆ ಹೋಗಿ ತಮ್ಮನ ಕೈ ಹಿಡಿದುಕೊಂಡಳು. ನಾನು ನುಚ್ಚು ಆರಿಸುತ್ತಿದ್ದೆ. ಕಲ್ಲು ಯಾವುದು ನುಚ್ಚು ಯಾವುದು ಕಾಣಲಿಲ್ಲ, ಮೊರದಲ್ಲೇ ಬಿಟ್ಟು ಎದ್ದೆ.

೧೨ ಮೇ, ಶುಕ್ರವಾರ

ಮದುವೆ ಆಯಿತು.

ಮುಂಜಾನೆ ಮಾರ್ತಾಂಡ ಡಬ್ಬಿ ಕಟ್ಟಿಸಿಕೊಂಡು ಡ್ಯೂಟಿಗೆಂದು ಹೋದ. ನಾನು ಟಾಂಗಾದಲ್ಲಿ ಮಂಗಲ ಕಾರ್ಯಾಲಯಕ್ಕೆ ಹೋದೆ. ಗಂಡ ಇಲ್ಲದವಳೆಂದು ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಕೂತೆ. ಕೈಯಲ್ಲಿ ಅಕ್ಷತೆ ಕೊಟ್ಟರು.

ಮುಹೂರ್ತ ಹತ್ತಿರ ಬಂತು. ಅಂತರಪಟ ಹಿಡಿದರು. ಸೋದರಮಾವ ಹುಡುಗಿಯನ್ನು ಕರೆತರಲಿ ಎಂದು ಭಟ್ಟರು ಕೂಗಿದರು. ಯಾರೂ ಬರಲಿಲ್ಲ. ಮತ್ತೆ ಕೂಗಿದರು. ಸದಾನಂದನ ತಾಯಿ ಹಿಂತಿರುಗಿ ನೋಡಿದರು. ಪಂಕಜಾ ಓಡಿ ಬಂದು ನನ್ನ ಕಿವಿಯಲ್ಲಿ, "ಅವ್ವಾ, ಭಾಮಾ ಏಳವಲ್ಲಳು" ಎಂದಳು.

ಹೆಣ್ಣಿನ ಕೋಣೆಗೆ ಹೋದೆ. ಗೌರಿಯ ಮೂರ್ತಿಯ ಮುಂದೆ ಹಳದಿ ಸೀರೆಯಲ್ಲಿ ಭಾಮಾ ಕೂತಿದ್ದಳು. ಹುಬ್ಬಳ್ಳಿಯ ಹುಡುಗ ರುಮಾಲು ಸುತ್ತಿಕೊಂಡು ತಪ್ಪು ಮಾಡಿದವನ ಹಾಗೆ ಮೂಲೆಯಲ್ಲಿ ನಿಂತಿದ್ದ.

"ಅಜ್ಜಿ, ನನಗ ಮಾಮಾ ಆಗೂದು ಬ್ಯಾಡ ಅಂದಿಲ್ಲ ಅವಾ. ಗಂಡ ಆಗೂದು ಅಷ್ಟ ಬ್ಯಾಡ ಅಂದ. ಕೈ ಹಿಡದು ಕರ್ಕೊಂಡು ಹೋಗ್ಲಿಕ್ಕೆ ಬರ್ತಾನ. ಬಾಯಿಲೆ ಏನರೆ ಅಂದಿರ್ಲಿ, ಬರ್ತಾನ. ಹೊರಗ ನೋಡಿ ಬಾ. ಅವಾ ಬರೂತನ ನಾ ಏಳೂದಿಲ್ಲ."

ಹೊರಗೆ ಬಂದೆ. ಗೇಟಿನಲ್ಲಿ ಬ್ಯಾಂಡಿನವರು ಬೀಡಿ ಸೇದುತ್ತಿದ್ದರು. ರಸ್ತೆಯ ಆಚೆ, ಸೈಕಲ್ ಅಂಗಡಿಯ ಪಕ್ಕ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಮಗ ನಿಂತಿದ್ದ. ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿ.

ರಸ್ತೆ ದಾಟಿದೆ. "ನಡಿ ಒಳಗ" ಎಂದೆ.

"ನೀ ಯಾಕ ಬಂದಿ? ನೋಡಿ ಹೋಗಬೇಕಂತ ಬಂದೀನಿ ಅಷ್ಟ."

"ಅಕಿ ಏಳವಲ್ಲಳು. ನಡಿ. ಬೀಗರು ನೋಡ್ಲಿ, ಏನ್ ಮಾಡ್ತಾರ ಮಾಡ್ಲಿ. ನಾ ಮಾತಾಡ್ತೀನಿ."

ನಾನು ಅದನ್ನು ಮಾಡುವವಳೇ. ಸದಾನಂದನ ತಾಯಿಯ ಎದುರು ನಿಂತು ನನ್ನ ತಮ್ಮ, ನನ್ನ ಮಗ, ನನ್ನ ಮಗಳು ಎಂದು ಒಂದೊಂದೇ ಹೇಳಿಯೇ ಬಿಡುತ್ತಿದ್ದೆ. ಅವನು ತಲೆ ಅಲ್ಲಾಡಿಸಿದ.

"ಅವ್ರು ಎದ್ದು ಹೋದ್ರ ಅಕ್ಕ ಉಳಿಯೂದಿಲ್ಲವ್ವಾ. ನಾ ಬಂದಿಲ್ಲ ಅಂತ ಹೇಳು. ನನ್ನ ಮ್ಯಾಲೆ ಸಿಟ್ಟು ಬಂದ್ರ ಏಳ್ತಾಳ. ಅಕಿ ನಿನ್ನ ಮೊಮ್ಮಗಳು."

ಬಿಸಿಲಿತ್ತು. ಅವನ ಕಿಸೆಯಿಂದ ಒಂದು ಕೈ ಹೊರಗೆಳೆದು ನನ್ನ ಮುಷ್ಟಿಯಲ್ಲಿದ್ದ ಅಕ್ಷತೆಯೆಲ್ಲ ಅದರಲ್ಲಿ ಸುರಿದೆ. ಬೆಳ್ಳನೆಯ ಅಂಗೈಯಲ್ಲಿ ಅರಿಷಿಣದ ಕಾಳು. ವಾದ್ಯ ಕೇಳಿದ ಕೂಡಲೇ ಹಾಕು ಎಂದು ಹೇಳಿ ಬಂದೆ.

ಭಾಮಾ ಬಾಗಿಲನ್ನೇ ನೋಡುತ್ತಿದ್ದಳು. "ಯಾರೂ ಇಲ್ಲ" ಎಂದೆ. "ರಸ್ತೇತನ ಹೋಗಿ ನೋಡಿ ಬಂದೆ. ಅವನಿಗೆ ನಿನಗಿಂತಾ ಶಿಫ್ಟ್ ದೊಡ್ಡದಾತು. ಏಳು."

ಅವಳು ನನ್ನ ಕಣ್ಣನ್ನೇ ನೋಡಿದಳು. ನಾನು ಕಣ್ಣು ತಿರುಗಿಸಲಿಲ್ಲ. ಆಮೇಲೆ ಎದ್ದಳು, ಹುಬ್ಬಳ್ಳಿಯ ಹುಡುಗನ ಕೈಗೆ ಕೈ ಕೊಟ್ಟು ಹೋದಳು.

ನಾನು ಕುರ್ಚಿಗೆ ಹೋಗಲಿಲ್ಲ, ಗೇಟಿನ ಹತ್ತಿರ ನಿಂತೆ. ಒಳಗೆ ಮಂತ್ರ ಮುಗಿದು ಬ್ಯಾಂಡು ಹೊಡೆಯಿತು. ಅವನು ಕಿಸೆಯಿಂದ ಕೈ ತೆಗೆದು ಕಾರ್ಯಾಲಯದ ಕಡೆಗೆ ಅಕ್ಷತೆ ಎರಚಿದ. ಅರ್ಧ ರಸ್ತೆಗೂ ಬರಲಿಲ್ಲ. ರಿಕ್ಷಾ ಒಂದು ಅದರ ಮೇಲೆ ಹಾದು ಹೋಯಿತು. ಮತ್ತೆ ನೋಡಿದಾಗ ಅವನಿರಲಿಲ್ಲ.

ಬೀಳ್ಕೊಡುವಾಗ ಭಾಮಾ ಕಾಲಿಗೆ ಬಿದ್ದಳು. ಏಳುವಾಗ ಕಿವಿಯ ಹತ್ತಿರ ಬಂದು "ಖರೇನ ಬಂದಿದ್ದಿಲ್ಲೇನಜ್ಜಿ?" ಎಂದಳು. ಇಲ್ಲವ್ವ ಎಂದೆ.

ಸಂಜೆ ಮನೆಗೆ ಬಂದೆ. ಮಾರ್ತಾಂಡ ಹೊಸಿಲ ಮೇಲೆ ಕೂತಿದ್ದ. ಡಬ್ಬಿ ಬಿಚ್ಚಿರಲಿಲ್ಲ.

"ಎದ್ದಳೇನು?"

"ಎದ್ದಳು."

"ಸಿಟ್ಟು ಬಂದಿತ್ತೇನು ನನ್ನ ಮ್ಯಾಲೆ?"

"ಭಾಳ."

"ಛಲೋ ಆತು" ಎಂದ. ಡಬ್ಬಿಯ ಅನ್ನ ಹಳಸಿತ್ತು. ಬೇರೆ ಅನ್ನ ಬಿಸಿ ಮಾಡಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು.